ಅಮಾಸಿಯ ಹಿಂದಿನ ದಿನದ ಒಂದು ಚೀಲ

ಹೊಸ ಮನೆಯ ಅಂಗಳಕ್ಕೆ ಫರಸಿ ಕಲ್ಲು ಆರಿಸಲೆಂದು ಮೊನ್ನೆ ತಾಂಡೂರಿಗೆ ಹೋಗಿದ್ದೆ. ಬಸ್ಸಿಳಿದು ಕಲ್ಲಿನ ಅಂಗಡಿಗಳ ಕಡೆ ಹೊರಟವಳಿಗೆ ಮಿಲ್ಲುಗಳ ಓಣಿಯ ತಿರುವಿನಲ್ಲಿ ಆ ವಾಸನೆ ಬಂತು. ಎಣ್ಣೆ ಸವರಿದ ತೊಗರಿ ಬಿಸಿಲಿನ ಫರಸಿಯ ಮೇಲೆ ಒಣಗುವಾಗ ಬರುವ ವಾಸನೆ. ಕಲ್ಲು, ಮನೆ, ಅಂಗಳ ಎಲ್ಲ ಮರೆತುಹೋಯಿತು. ಏಳು ವರ್ಷದ ಹಿಂದಿನ ಒಂದು ಸುಗ್ಗಿ, ಅದರ ಗದ್ದಲ, ಅದರ ಭಯ, ಅದರ ಹಿಗ್ಗು ಒಮ್ಮೆಗೇ ನುಗ್ಗಿ ಬಂದು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನ ಆಟೋದವನು ಹಾರ್ನ್ ಹೊಡೆದು ಬೈದ ಮೇಲೆಯೇ ಪಕ್ಕಕ್ಕೆ ಸರಿದದ್ದು.

ಆಗ ನನಗೆ ಇಪ್ಪತ್ತಾರು. ಸೋದರಮಾವ ವೀರಶೆಟ್ಟಿಯವರ ತೊಗರಿ ವ್ಯಾಪಾರದಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ನಾವು ಬರೀ ಖೇಡ ಅನ್ನುವ ನಾರಾಯಣಖೇಡದಲ್ಲಿ ರೈತರಿಂದ ತೊಗರಿ ಕೊಂಡು ತೂಗುವ ಕಾಟಾ, ತಾಂಡೂರಿನಲ್ಲಿ ಅದನ್ನು ಒಣಗಿಸಿ ಒಡೆದು ಬೇಳೆ ಮಾಡುವ ಮಿಲ್ಲು, ಜಹೀರಾಬಾದಿನಲ್ಲಿ ಹೆದ್ದಾರಿಯ ಪಕ್ಕದ ಗೋದಾಮಿನಲ್ಲಿ ಪಾಕೀಟು ಮಾಡಿ ಕಳಿಸುವ ಕೆಲಸ. ಮೂರು ಊರಿಗೆ ಮೂರು ಕಂಪ್ಯೂಟರ್ ಪ್ರೋಗ್ರಾಮು. ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆಯವರಿಂದ ತಂದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಲಾರಿ ಡ್ರೈವರನ ಜೇಬಿನಲ್ಲಿದ್ದ ಚೀಟಿ ಮತ್ತು ದಿನಕ್ಕೆ ನೂರು ಫೋನು, ಇಷ್ಟರ ಮೇಲೆಯೇ ವ್ಯಾಪಾರ ನಡೆದಿತ್ತು.

ನಡೆದುಕೊಂಡೇ ಹೋಗುತ್ತಿತ್ತೋ ಏನೋ, ಕಂಗ್ಟಿಯ ಶರಣಮ್ಮ ಆ ವರ್ಷ ನಮ್ಮ ಗೋದಾಮಿಗೆ ಬರದಿದ್ದರೆ.

ಐವತ್ತರ ಹೆಂಗಸು, ಸ್ವಂತ ಹೊಲದಲ್ಲಿ ಜೋಳ, ತೊಗರಿ ಬೆಳೆಯುವಾಕೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೋದ ವರ್ಷದ ತೊಗರಿಯ ಗಂಟು. ಬಂದವಳು ಕುರ್ಚಿ ತೋರಿಸಿದರೂ ಕೂರದೆ ಮಾವನ ಮುಂದೆ ಗಂಟು ಬಿಚ್ಚಿದಳು.

"ಶೆಟ್ಟರ, ಹೈದ್ರಾಬಾದದಾಗ ನನ್ನ ತಂಗಿ ಮನ್ಯಾಗ ಉಣ್ಣಾಕ ಕುಂತಿದ್ದೆ. ಬ್ಯಾಳಿ ಬಾಯಾಗ ಇಟ್ಟ ಕೂಡ್ಲೆ ಗುರ್ತ ಸಿಕ್ತು, ನಮ್ಮ ಹೊಲದ ರುಚಿ! ಪಾಕೀಟ ತರಸಿ ಓದಸಿದ್ರ ಅದರ ಮ್ಯಾಲ ಕಂಗ್ಟಿ ಅಂತ ಎಲ್ಲೂ ಇಲ್ಲ. ನಮ್ಮ ಬ್ಯಾಳಿಗಿ ಊರಿಲ್ಲೇನ್ರಿ?"

ಆಕೆಯ ಮಾತಿಗೆ ಊರಿನ ಮೂವತ್ತು ಮನೆಗಳು ಒಂದೇ ಬೀಜ ಬಿತ್ತಿದ್ದವು, ರಾಶಿ ಮಾಡುವಾಗಲೂ ಬೇರೆ ತೊಗರಿ ಬೆರೆಯದಂತೆ ಕಾಯಲು ಸಿದ್ಧವಾಗಿದ್ದವು. ಅದನ್ನು ಕೊನೆಯ ತನಕ ಬೇರೆಯಾಗಿಯೇ ಇಟ್ಟು ಪಾಕೀಟಿನ ಮೇಲೆ ಕಂಗ್ಟಿ ಎಂದು ಅಚ್ಚು ಹಾಕಿಸಬೇಕು, ಇಷ್ಟೇ ಆಕೆಯ ಬೇಡಿಕೆ. ಮಾವ ಒಂದು ಕಾಳು ಬಾಯಿಗೆ ಹಾಕಿ ಕಡಿದು ನೋಡಿದರು.

"ಆತು. ಈ ಸುಗ್ಗಿ ನೋಡಮು. ಆದ್ರ ಬೆರಕಿ ಆತು ಅಂದ್ರ ಹೆಸರಿಲ್ಲ ನೋಡವ್ವಾ. ಸುಳ್ಳ ಹೆಸರು ಹಚ್ಚೂ ಕೆಲಸ ನನ್ನ ಕೈಲಿ ಆಗೂದಿಲ್ಲ."

ಖೇಡದಲ್ಲಿ ತೂಗಿದ ಲಾಟು, ಅಂದರೆ ಒಂದೂರಿನಿಂದ ಒಟ್ಟಿಗೆ ಬಂದ ಚೀಲಗಳು, ಯಾವುದು ಎಂಬುದು ತಾಂಡೂರಿಗೆ ಗೊತ್ತಾಗಬೇಕು, ತಾಂಡೂರಿನ ಯಾವ ಬೇಳೆ ಅದರದ್ದು ಎಂಬುದು ಜಹೀರಾಬಾದಿಗೆ ಗೊತ್ತಾಗಬೇಕು. ಚೀಟಿ, ಫೋನು ಇದಕ್ಕೆ ಸಾಲವು. ಮೂರೂ ಕಂಪ್ಯೂಟರುಗಳನ್ನು ಜೋಡಿಸುವುದು ಹೇಗೆ ಎಂದು ಕೇಳಲು ಹೈದರಾಬಾದಿನಿಂದ ಒಬ್ಬ ಇಂಜಿನಿಯರನನ್ನು ಕರೆಸಿದೆವು. ಆತ ಬಿಳಿ ಹಾಳೆಯ ಮೇಲೆ ಮೂರು ಚೌಕ ಬರೆದು ನಡುವೆ ಒಂದು ವೃತ್ತ ಬರೆದ. "ಇದು ಮಿಡಲ್‌ವೇರ್. ಮೂವರೂ ತಮ್ಮ ಮಾತನ್ನು ಇದಕ್ಕಷ್ಟೇ ಹೇಳ್ತಾರೆ. ಇದು ಕೇಳಿಸಿಕೊಂಡು, ತಿದ್ದಿ, ಯಾರಿಗೆ ಯಾವಾಗ ಹೇಳಬೇಕೋ ಆಗ ಹೇಳುತ್ತದೆ."

ಮಾವನ ಮುಖ ಗಂಟಿಕ್ಕಿತು. ಅವರ ಜೀವಮಾನದ ಹೆಮ್ಮೆಯೇ ದಲಾಲರನ್ನು ಬಿಟ್ಟು ನೇರವಾಗಿ ರೈತರಿಂದ ತೊಗರಿ ಕೊಳ್ಳಲು ಶುರು ಮಾಡಿದ್ದು. "ನಡುವಿನವರನ್ನ ತೆಗೀಲಿಕ್ಕಿ ಮೂವತ್ತ ವರ್ಷ ಗುದ್ದಾಡಿನಿ. ಈಗ ಮಷೀನಿಗೂ ಒಬ್ಬ ದಲಾಲ ಬೇಕೇನು?" ಎಂದರು.

ನಿಜ ಹೇಳಬೇಕೆಂದರೆ ನನಗೂ ಆ ವೃತ್ತ ಹಿಡಿಸಲಿಲ್ಲ. ಸುಗ್ಗಿಗೆ ಉಳಿದದ್ದು ಐದು ವಾರ. ಖೇಡದಿಂದ ತಾಂಡೂರಿಗೆ ಒಂದು ಎಳೆ, ಖೇಡದಿಂದ ಜಹೀರಾಬಾದಿಗೆ ಒಂದು, ತಾಂಡೂರಿನಿಂದ ಜಹೀರಾಬಾದಿಗೆ ಇನ್ನೊಂದು. ಮೂರೇ ಮೂರು ನೇರ ಜೋಡಣೆ. ನಡುವೆ ಕೆಡಲು ಏನೂ ಇಲ್ಲ, ಕಾಯಲು ಯಾರೂ ಇಲ್ಲ. ನಾನೇ ಬರೆಯುತ್ತೇನೆ ಎಂದೆ. ಇಂಜಿನಿಯರ್ ಹೋಗುವಾಗ, "ಮೂರು ಎಳೆ ಈಗ ಸರಿ ಮೇಡಂ, ಮೂರೂ ಊರು ಒಂದೇ ರೀತಿ ಯೋಚಿಸಿದರೆ" ಎಂದು ನಕ್ಕ. ಆ ನಗು ನನಗೆ ಸೊಕ್ಕಾಗಿ ಕಂಡಿತು.

ನಾಲ್ಕೂವರೆ ವಾರದಲ್ಲಿ ಬರೆದು ಮುಗಿಸಿದೆ. ಮೊದಲ ಲಾಟು ಸಿರ್ಗಾಪುರದ ರೈತರದ್ದು. ಖೇಡದ ಕಾಟಾದಲ್ಲಿ ಕೂರುವ ಗುಮಾಸ್ತ ಝರಣಪ್ಪ ಚೀಲಗಳನ್ನೆಲ್ಲ ತೂಗಿ, ಯಾವತ್ತಿನಂತೆ ಕೊನೆಗೆ ಒಮ್ಮೆಗೇ ಕಂಪ್ಯೂಟರಿನಲ್ಲಿ ಬರೆದ. ಅರೆ ನಿಮಿಷವೂ ಆಗಿರಲಿಲ್ಲ, ತಾಂಡೂರಿನಿಂದ ಫೋನು. ಮಿಲ್ಲಿನ ಒಣಗಿಸುವ ಅಂಗಳದ ಯಜಮಾನಿಕೆ ಇದ್ದದ್ದು ಗೌಸ್ ಚಾಚಾನ ಕೈಯಲ್ಲಿ. ಅರವತ್ತು ದಾಟಿದ ಮನುಷ್ಯ, ಕಾಳು ಅಂಗೈಯಲ್ಲಿ ಹಿಡಿದು ಇನ್ನೆಷ್ಟು ಬಿಸಿಲು ಬೇಕು ಎಂದು ಹೇಳಬಲ್ಲವ. ಆತ ಚಿಕ್ಕ ಹುಡುಗನಂತೆ ಕೂಗುತ್ತಿದ್ದ.

"ಬೇಟಾ! ಗಾಡಿ ಇನ್ನಾ ಖೇಡದಾಗೇ ನಿಂತದ, ಲಾಟು ನನ್ನ ಟೀವಿ ಮ್ಯಾಲ ಬಂದು ಕುಂತದ! ಕ್ಯಾ ಬಾತ್ ಹೈ!"

ನಾನು ಹಿಗ್ಗಿ ಹೀರೇಕಾಯಿಯಾದೆ. ಆ ದಿನ ಗೋದಾಮಿನಲ್ಲಿ ಎಲ್ಲರಿಗೂ ಮಾವ ಜಿಲೇಬಿ ತರಿಸಿದರು. ಅಲ್ಲಿಂದ ಮೂರು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಲಾರಿ ಬರುವ ಮೊದಲೇ ತಾಂಡೂರಿನ ಅಂಗಳದಲ್ಲಿ ಜಾಗ ಗುಡಿಸಿ ಸಿದ್ಧವಾಗಿರುತ್ತಿತ್ತು, ಬೇಳೆ ಒಡೆಯುವ ಮೊದಲೇ ಜಹೀರಾಬಾದಿನಲ್ಲಿ ಪಾಕೀಟಿನ ಚೀಟಿ ಅಚ್ಚಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೂ ನನ್ನ ಮೂರು ಎಳೆಗಳ ಕತೆ ಹೇಳುತ್ತಿದ್ದೆ. ಪಾಪ, ಅವರು ಕೇಳುತ್ತಿದ್ದರು.

ಕಂಗ್ಟಿಯ ತೊಗರಿ ಬಂದದ್ದು ಜನವರಿಯ ಕೊನೆಗೆ, ಎಳ್ಳ ಅಮಾವಾಸ್ಯೆಯ ಮುಂದಿನ ಅಮಾವಾಸ್ಯೆಗೆ. ಆ ದಿನ ನಾನು ತಾಂಡೂರಿನ ಮಿಲ್ಲಿನಲ್ಲೇ ಇದ್ದೆ. ಆಕಾಶದಲ್ಲಿ ಕಾಲವಲ್ಲದ ಕಾಲದ ಮೋಡ. ಒಣಗುತ್ತಿದ್ದ ತೊಗರಿಯನ್ನು ತಾಡಪತ್ರಿಯಿಂದ ಮುಚ್ಚುವ ಅವಸರ ಒಂದು ಕಡೆ, ಬಂದ ಲಾರಿ ಖಾಲಿ ಮಾಡುವ ಅವಸರ ಇನ್ನೊಂದು ಕಡೆ. ಗೌಸ್ ಚಾಚಾ ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ನಾನು ಒಳಗೆ ಕೆಟ್ಟ ಪ್ರಿಂಟರಿನ ಜೊತೆ ಜಗಳವಾಡುತ್ತಿದ್ದೆ. ಹೊರಗಿನಿಂದ ಹೆಣ್ಣು ದನಿಯೊಂದು ಮಿಲ್ಲಿನ ಸದ್ದನ್ನೂ ಮೀರಿ ಕೇಳಿಸಿತು.

ಓಡಿ ಹೋಗಿ ನೋಡುತ್ತೇನೆ, ಶರಣಮ್ಮ! ತೊಗರಿಯ ಜೊತೆ ಲಾರಿಯಲ್ಲೇ ಕೂತು ಬಂದಿದ್ದಳು. ಈಗ ಅಂಗಳದಲ್ಲಿ, ಬೇರೆ ಊರುಗಳ ತೊಗರಿ ಹರಡಿದ್ದ ಜಾಗದ ಅಂಚಿನಲ್ಲಿ, ಫರಸಿಯ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದಳು. ಆಕೆಯ ಮುಂದೆ ಚೀಲ ಹೊತ್ತ ಹಮಾಲರು ದಿಕ್ಕು ತೋಚದೆ ನಿಂತಿದ್ದರು.

"ಮೂರು ಚೀಲ ಸುರದೀರಿ. ಇನ್ನೊಂದು ಸುರೂದಿದ್ರ ನನ್ನ ಮ್ಯಾಲೆ ಸುರೀರಿ!"

ಹಮಾಲನ ಕೈಯಲ್ಲಿದ್ದ ಹಾಳೆ ಕಸಿದು ನೋಡಿದೆ. ನನ್ನದೇ ಎಳೆ ಹೊತ್ತು ತಂದ ಹಾಳೆ. ಕಂಗ್ಟಿ, ಒಂದು ಚೀಲ, ಸಾಮಾನ್ಯ ಅಂಗಳ. ಲಾರಿಯಲ್ಲಿ ನೂರಕ್ಕೂ ಹೆಚ್ಚು ಚೀಲಗಳಿದ್ದವು.

ಹತ್ತು ಚೀಲಕ್ಕಿಂತ ಸಣ್ಣ ಲಾಟು ಬಂದರೆ ಅದಕ್ಕೆಂದು ಬೇರೆ ಜಾಗ ಕೊಡದೆ ಉಳಿದವುಗಳ ಜೊತೆ ಸುರಿಯುವುದು ತಾಂಡೂರಿನ ಮಿಲ್ಲಿನ ಪದ್ಧತಿ. ಅಲ್ಲಿನ ಪ್ರೋಗ್ರಾಮಿಗೂ ಅದನ್ನೇ ಕಲಿಸಿದ್ದರು. ಅದರ ತಪ್ಪಲ್ಲ. ಆದರೆ ನೂರು ಚೀಲ ಒಂದು ಚೀಲ ಆದದ್ದು ಹೇಗೆ? ಅಲ್ಲೇ ನಿಂತು ಖೇಡಕ್ಕೆ ಫೋನು ಮಾಡಿದೆ.

ಝರಣಪ್ಪ ಶಾಂತವಾಗಿ ಹೇಳಿದ: "ಹೌದ್ರಿ ಅಕ್ಕಾರ, ನಿನ್ನಿ ಸಂಜಿಗಿ ಒಂದ್ ಚೀಲ ತೂಗಿ ಲಾಟ ಬರದೀನಿ. ಉಳದದ್ದು ಇವತ್ತ ಮುಂಜಾನಿ ತೂಗೀನಿ."

"ಒಂದೇ ಚೀಲ ಯಾಕ ತೂಗಿದ್ರಿ?"

"ಇವತ್ತ ಅಮಾಸಿ ಅಲ್ಲೇನ್ರಿ? ಅಮಾಸಿ ದಿನ ಹೊಸಾ ಕೆಲಸ ಯಾರರ ಸುರು ಮಾಡ್ತಾರೇನು? ಹಿಂದಿನ ದಿನ ಒಂದ್ ಚೀಲ ತೂಗಿಬಿಟ್ರ ಅದು ನಡದ ಕೆಲಸ ಆತು. ಇವತ್ತ ಮಾಡಿದ್ದು ಬರೇ ಮುಂದುವರಿಕಿ. ನಮ್ಮಪ್ಪನ ಕಾಲದಿಂದ ಹಿಂಗೇ ಅದರಿ."

ನನಗೆ ಗೊತ್ತಿಲ್ಲದ ಪದ್ಧತಿಯೇ ಇದು? ನಮ್ಮ ಮನೆಯಲ್ಲೇ ಅಮಾವಾಸ್ಯೆ ಅಡ್ಡ ಬಂದರೆ ಅವ್ವ ಹಿಂದಿನ ದಿನ ಒಂದು ಹಪ್ಪಳ ಲಟ್ಟಿಸಿ ಇಟ್ಟು ಮರುದಿನ ಉಳಿದದ್ದನ್ನು ಮಾಡುತ್ತಿದ್ದಳು. ಗೊತ್ತಿದ್ದೂ ಹೊಳೆದಿರಲಿಲ್ಲ. ಲಾಟು ಒಮ್ಮೆ ಬರೆದ ಕೂಡಲೇ ಓಡಿಹೋಗಿ ಹೇಳು, ಹೇಳಿದ್ದನ್ನು ಮತ್ತೆ ಹೇಳಬೇಡ ಎಂದು ನನ್ನ ಎಳೆಗೆ ನಾನೇ ಕಲಿಸಿದ್ದೆ. ಅದು ಒಂದು ಚೀಲದ ಸುದ್ದಿ ಹೊತ್ತು ಹಿಂದಿನ ಸಂಜೆಯೇ ಓಡಿತ್ತು. ಮರುದಿನ ಸೇರಿದ ಚೀಲಗಳ ಮಾತು ಅದಕ್ಕೆ ಬೇಕಾಗಿರಲಿಲ್ಲ. ಜಹೀರಾಬಾದಿನಲ್ಲೂ ಕಂಗ್ಟಿಯ ಹೆಸರಿಗೆ ಒಂದೇ ಚೀಲದ ಚೀಟಿ ಅಚ್ಚಾಗಿ ಕೂತಿತ್ತು.

ಅಷ್ಟರಲ್ಲಿ ಗೌಸ್ ಚಾಚಾ ಬಂದ. ಬೈಯಲಿಲ್ಲ, ಯಾರದು ತಪ್ಪು ಎಂದು ಕೇಳಲೂ ಇಲ್ಲ. ಮೋಡ ನೋಡಿದ, ಲಾರಿ ನೋಡಿದ, ಮಿಲ್ಲಿನ ಗೇಟಿನ ಮುಂದೆ ಮಾವನ ಕಾರು ನಿಲ್ಲುವ ಜಾಗ ನೋಡಿದ. "ಇದನ್ನ ಗುಡಸ್ರಿ. ಶೆಟ್ರ ಕಾರು ರೋಡಿನ್ಯಾಗ ನಿಂತ್ರ ಅದಕ್ಕೇನು ನೆಗಡಿ ಆಗೂದಿಲ್ಲ." ಅಂಗಳದ ಹೆಂಗಸರು, ಹಮಾಲರು, ನಾನು, ಶರಣಮ್ಮ ಎಲ್ಲ ಸೇರಿ ಗುಡಿಸಿದೆವು. ಕಂಗ್ಟಿಯ ತೊಗರಿ ಅಲ್ಲಿ ಇಳಿಯಿತು. ಕೊನೆಯ ತಾಡಪತ್ರಿ ಎಳೆಯುವಾಗ ನಾಲ್ಕು ಹನಿ ಬಿದ್ದವು. ಆಮೇಲೆ ಮೋಡ ಕರಣಕೋಟದ ಕಡೆ ಹೋಯಿತು.

ಬೇರೆ ರಾಶಿಗೆ ಬಿದ್ದ ಮೂರು ಚೀಲದ ಮೇಲೆ ಶರಣಮ್ಮ ಆಸೆ ಬಿಟ್ಟಳು. "ಅದಕ್ಕ ನಮ್ಮ ಹೆಸರು ಬ್ಯಾಡ" ಎಂದಳು. ಸಂಜೆ ಬಂದ ಮಾವ ಎರಡೂ ರಾಶಿ ನೋಡಿ ನನ್ನ ಕಡೆ ತಿರುಗಿದರು. "ಈ ರಾಶಿ ಶುದ್ಧ ಅದ. ಇನ್ನಾ ಎರಡು ಗಾಡಿ ಬರೂದದ. ಇನ್ನೊಮ್ಮಿ ಹಿಂಗ ಆತಂದ್ರ ಈ ಹೆಸರಿನ ಮಾತೇ ಬಂದ್."

ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಇನ್ನು ಮೇಲೆ ಅಮಾವಾಸ್ಯೆಯ ಮುಹೂರ್ತವೆಲ್ಲ ಬಂದ್ ಮಾಡಿಸುತ್ತೇನೆ, ಝರಣಪ್ಪನಿಗೆ ಹೇಳುತ್ತೇನೆ ಎಂದು ಬುಸುಗುಟ್ಟಿದೆ. ಶರಣಮ್ಮ ಸೀರೆಗೆ ಅಂಟಿದ ಹೊಟ್ಟು ಕೊಡವುತ್ತ ಹೇಳಿದಳು:

"ಅಮಾಸಿ ಬಿಡಾಕ ಆಗೂದಿಲ್ಲ ತಂಗಿ. ಅದು ನಿನ್ನಕಿಂತ ಹಳೇದದ. ನಿನ್ನ ಮಷೀನಿಗಿ ಜರಾ ತಾಳಾಕ ಕಲಸು."

ಆ ಮಾತು ಹಿಡಿದುಕೊಂಡೇ ಬಸ್ಸು ಹತ್ತಿದೆ. ಎಳೆಯನ್ನು ತಾಳುವಂತೆ ತಿದ್ದಬಹುದಿತ್ತು. ಆದರೆ ಎಷ್ಟು ಎಳೆ? ತಾಂಡೂರಿನದನ್ನು ತಿದ್ದಿದರೆ ಜಹೀರಾಬಾದಿನದು ಹಾಗೇ ಉಳಿಯುತ್ತದೆ. ಅದನ್ನೂ ತಿದ್ದಿದರೆ ನಾಳೆ ತಾಂಡೂರಿನ ಇನ್ನೊಂದು ಪದ್ಧತಿ, ಶುಕ್ರವಾರದ್ದೋ ಸಂಕ್ರಾಂತಿಯದ್ದೋ, ಇನ್ನೆಲ್ಲೋ ತಲೆ ಎತ್ತುತ್ತದೆ. ಬರುವ ವರ್ಷ ನಾಲ್ಕನೆಯ ಊರು ಸೇರಿದರೆ ಎಳೆ ಆರಾಗುತ್ತವೆ. ಪ್ರತಿ ಊರೂ ಪ್ರತಿ ಊರಿನ ನೇಮವನ್ನು ಕಲಿಯಬೇಕು. ನಡುವೆ ಒಬ್ಬರಿದ್ದರೆ ಎಲ್ಲರ ನೇಮವನ್ನು ಅವರೊಬ್ಬರೇ ಕಲಿತರೆ ಸಾಕು! ಬಸ್ಸಿನ ಕಿಟಕಿಯ ಪಕ್ಕ ಕೂತು ಇದು ಹೊಳೆದಾಗ ನಾನು ಗಟ್ಟಿಯಾಗಿಯೇ "ಹೌದಲ್ಲ!" ಎಂದುಬಿಟ್ಟೆ. ಇಂಜಿನಿಯರನ ನಗು ಈಗ ಸೊಕ್ಕಾಗಿ ಕಾಣಲಿಲ್ಲ.

ಉಳಿದದ್ದು ಮಾವನನ್ನು ಒಪ್ಪಿಸುವ ಕೆಲಸ. ಮರುದಿನ ಮುಂಜಾನೆ ಚಹಾ ಕೊಟ್ಟು ಕೇಳಿದೆ.

"ಮಾವಾ, ನಮ್ಮಕ್ಕನ ಲಗ್ನದಾಗ ನಡುವಿನ ಮಾತು ಯಾರು ಆಡಿದ್ರು?"

"ನಾನೇ. ಇನ್ಯಾರು?"

"ಬೀಗರು ಊಟದಾಗ ಉಪ್ಪಿಲ್ಲ ಅಂತ ಸಿಟ್ಟಾಗಿದ್ರಂತ. ನಮಗ ಬಂದು ಏನು ಹೇಳಿದ್ರಿ?"

ಮಾವನಿಗೆ ನಗು ತಡೆಯಲಾಗಲಿಲ್ಲ. "ಹೋಳಗಿ ಭಾಳ ಹಿಡಸ್ಯಾವಂತ ಅಂದಿದ್ದೆ. ಅವರು ಅದನ್ನೂ ಅಂದಿದ್ರು, ಕಡೀಕಿ! ಅಂದ್ರ ನಿನ್ನ ಮಷೀನು ಸುಳ್ಳ ಹೇಳ್ತದೇನು?"

"ಸುಳ್ಳಲ್ಲ ಮಾವಾ. ಪೂರಾ ಮಾತು ಆಗೂ ತನಕಾ ಅರ್ಧ ಮಾತು ಮುಟ್ಟಸೂದಿಲ್ಲ. ನೀವು ಮಾಡಿದ್ದು ಅದನ್ನೇ ಅಲ್ಲೇನು?"

ಅವರು ಬಟ್ಟಲು ಕೆಳಗಿಟ್ಟರು. "ದಲಾಲ ಬ್ಯಾರೆ, ಲಗ್ನದ ಹಿರಿಯ ಬ್ಯಾರೆ" ಎಂದು ತಮಗೆ ತಾವೇ ಹೇಳಿಕೊಂಡು, "ಮಾಡು" ಎಂದರು.

ಮುಂದಿನ ಅಮಾವಾಸ್ಯೆಯೊಳಗೆ ಆಗಬೇಕಿತ್ತು. ಕಂಗ್ಟಿಯ ಕೊನೆಯ ಎರಡು ಲಾರಿ ಆಗಲೇ ಬರುವುದಿತ್ತು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಒಂದು ತಂತ್ರಾಂಶ ತೆಗೆದುಕೊಂಡೆ, ಜಹೀರಾಬಾದಿನ ಗೋದಾಮಿನ ಮೂಲೆಯ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಿದೆ. ನೇಮ ಬರೆಯುವುದಕ್ಕೆ ಮೊದಲು ನೇಮ ಕೇಳಲು ಹೊರಟೆ. ಖೇಡದಲ್ಲಿ ಝರಣಪ್ಪನ ಪಕ್ಕ ಎರಡು ದಿನ, ತಾಂಡೂರಿನಲ್ಲಿ ಗೌಸ್ ಚಾಚಾನ ಪಕ್ಕ ಎರಡು ದಿನ ಸುಮ್ಮನೆ ಕೂತೆ. ಮೊದಲೇ ಹೀಗೆ ಕೂತಿದ್ದರೆ! ಚೀಲ ಹರಿದರೆ ಏನು ಮಾಡುತ್ತೀರಿ, ಕಾಳು ಹಸಿ ಇದ್ದರೆ ಏನು ಬರೆಯುತ್ತೀರಿ, ಎಲ್ಲ ಕೇಳಿದೆ. ಚಾಚಾ ಬೇಸರವಿಲ್ಲದೆ ಹೇಳುತ್ತಿದ್ದ. ನಲವತ್ತು ವರ್ಷದಲ್ಲಿ ಅವನನ್ನು ಯಾರೂ ಇಷ್ಟು ಕೇಳಿರಲಿಲ್ಲವಂತೆ.

ಲಾರಿ ಭರ್ತಿಯಾಗಿ ಗೇಟು ದಾಟಿದೆ ಎಂದು ಝರಣಪ್ಪ ಬರೆಯುವ ತನಕ ಲಾಟು ನಡುವೆಯೇ ತಾಳಬೇಕು. ಇದು ಮೊದಲ ನೇಮ. ಹಾಗೆ ತಾಳಿದ ಲಾಟಿನ ಎದುರು ತೆರೆಯ ಮೇಲೆ ಏನು ತೋರಿಸಬೇಕು ಎಂದು ಯೋಚಿಸಿ, "ತಾಳ್ರಿ, ಇನ್ನಾ ಅದ" ಎಂದು ಬರೆದೆ. ಎಲ್ಲ ಒಮ್ಮೆಗೇ ಸರಿಹೋಯಿತು ಎಂದೇನಲ್ಲ. ಒಂದು ಮಧ್ಯಾಹ್ನ ಜಹೀರಾಬಾದಿನಲ್ಲಿ ಕರೆಂಟು ಹೋಗಿ ನಡುವಿನ ಕಂಪ್ಯೂಟರ್ ಮಲಗಿತು, ಮೂರು ಊರೂ ಮೂಕವಾದವು. ನೇರ ಜೋಡಣೆಯಲ್ಲಿ ಈ ಕಷ್ಟ ಇರಲಿಲ್ಲ. ನಡುವಿನ ಹಿರಿಯರಿಗೆ ಜ್ವರ ಬಂದರೆ ಲಗ್ನವೇ ನಿಂತಿತಲ್ಲ ಎಂದು ಮಾವ ಛೇಡಿಸಿದರು. ಅವತ್ತೇ ಹೋಗಿ ದೊಡ್ಡ ಬ್ಯಾಟರಿ ತಂದು ಕೂರಿಸಿದೆ.

ಶಿವರಾತ್ರಿ ಮುಗಿದು ಅಮಾವಾಸ್ಯೆ ಬಂತು. ಹಿಂದಿನ ದಿನ ಸಂಜೆ ಝರಣಪ್ಪ ತನ್ನ ಅಪ್ಪನ ಕಾಲದಂತೆ ಎರಡೂ ಲಾರಿಗೆ ಒಂದೊಂದು ಚೀಲ ತೂಗಿ ಲಾಟು ಬರೆದ. ನಾನು ಜಹೀರಾಬಾದಿನ ತೆರೆಯ ಮುಂದೆ ಕೂತಿದ್ದೆ. ಕಂಗ್ಟಿ, ಒಂದು ಚೀಲ. ತಾಳ್ರಿ, ಇನ್ನಾ ಅದ. ತಾಂಡೂರಿಗೆ ಫೋನು ಮಾಡಿದೆ.

"ಚಾಚಾ, ಏನರ ಬಂತೇನು?"

"ಏನೂ ಬಂದಿಲ್ಲ ಬೇಟಾ."

"ಭಾಳ ಛಲೋ!"

"ಬರದಿದ್ರ ಹ್ಯಾಂಗ ಛಲೋ ಆಗ್ತದ?" ಎಂದು ಚಾಚಾ ಗಾಬರಿಯಾದ.

ಮರುದಿನ ಮುಂಜಾನೆ ತಾಂಡೂರಿನಲ್ಲಿ ಇಂಟರ್‌ನೆಟ್ಟೇ ಹೋಯಿತು. ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು. ಹಳೆಯ ಎಳೆಯಾಗಿದ್ದರೆ ಸುದ್ದಿ ಗಾಳಿಗೆ ಹೋಗುತ್ತಿತ್ತು. ಖೇಡದಲ್ಲಿ ಲಾರಿಗಳು ಗೇಟು ದಾಟಿದವು, ನಡುವಿನ ತೆರೆಯಲ್ಲಿ ಚೀಲಗಳ ಪೂರ್ತಿ ಲೆಕ್ಕ ಬಂತು, ತಾಂಡೂರು ಮಾತ್ರ ಕೇಳಿಸಿಕೊಳ್ಳುತ್ತಿಲ್ಲ. ನನ್ನ ಮಷೀನು ತಾಳಿತು. ನನಗೆ ತಾಳಲಾಗಲಿಲ್ಲ, ಗೋದಾಮಿನಲ್ಲಿ ಶತಪಥ ಹಾಕಿದೆ. ಲಾರಿಗಳು ತಾಂಡೂರು ಮುಟ್ಟಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಕೇಬಲ್ ಕೂಡಿತು. ತೆರೆಯ ಮೇಲಿನ ಸಾಲು ಬದಲಾಯಿತು: ತಾಂಡೂರಿಗೆ ಮುಟ್ಟಿದೆ. ಫೋನಿನಲ್ಲಿ ಚಾಚಾನ ಕೂಗು: "ಆಯಾ! ಪೂರಾ ಆಯಾ! ಕಂಗ್ಟಿಗಿ ಎರಡು ಅಂಗಳ ಖಾಲಿ ಮಾಡಂತ ಹೇಳ್ಯಾದ!" ನಾನು ಅಲ್ಲೇ ಇದ್ದ ಪಾಕೀಟು ಕಟ್ಟುವ ಹೆಂಗಸರನ್ನು ಅಪ್ಪಿಕೊಂಡು ಕುಣಿದೆ. ಅವರಿಗೆ ಏನೂ ತಿಳಿಯದಿದ್ದರೂ ಅವರೂ ಕುಣಿದರು.

ಹತ್ತು ದಿನದ ಮೇಲೆ ಮೊದಲ ಪಾಕೀಟು ಸಿದ್ಧವಾಯಿತು. ಹಳದಿ ಬೇಳೆ ಕಾಣುವ ಪಾಕೀಟಿನ ಮೇಲೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಕಂಗ್ಟಿ. ಶರಣಮ್ಮನಿಗೆ ಹೇಳಿ ಕಳಿಸಿದೆವು. ಗೌಸ್ ಚಾಚಾ, ಝರಣಪ್ಪ ಇಬ್ಬರೂ ಬಂದಿದ್ದರು. ಪಾಕೀಟು ಕೈಗೆ ಕೊಟ್ಟರೆ ಆಕೆ ಹೆಸರಿನ ಕಡೆ ನೋಡಲೂ ಇಲ್ಲ. ಹಲ್ಲಿನಿಂದ ಕಚ್ಚಿ ಹರಿದಳು.

"ಹೆಸರು ಯಾರರ ಬರೀತಾರ. ಒಲಿ ಎಲ್ಲದ?"

ಗೋದಾಮಿನ ಚಹಾದ ಒಲೆಯ ಮೇಲೆ ಬೇಳೆ ಬೇಯಲು ಇಟ್ಟಳು. ಉಪ್ಪಿಲ್ಲ, ಅರಿಶಿನವಿಲ್ಲ, ಬರೀ ನೀರು. ನಾವೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ನಿಂತವರಂತೆ ಸುತ್ತ ನಿಂತಿದ್ದೆವು. ಮಾವ ಎರಡು ಸಲ ಕನ್ನಡಕ ಒರೆಸಿಕೊಂಡರು. ಕಡೆಗೆ ಆಕೆ ಒಂದು ಚಮಚೆ ಎತ್ತಿ, ಊದಿ, ಬಾಯಿಗಿಟ್ಟು, ಕಣ್ಣು ಮುಚ್ಚಿದಳು.

"ನಮ್ಮದೇ ಅದ" ಎಂದಳು.

ಎಲ್ಲರೂ ಒಂದೊಂದು ಚಮಚೆ ಉಂಡೆವು. ಉಪ್ಪಿಲ್ಲದ ಬೇಳೆ ಅಷ್ಟು ರುಚಿಯಾಗಿದ್ದುದನ್ನು ನಾನು ಮತ್ತೆ ಕಂಡಿಲ್ಲ. ಹೊರಡುವಾಗ ಶರಣಮ್ಮ ಉಳಿದ ಬೇಳೆಯನ್ನು ಬಟ್ಟಲಿಗೆ ಸುರಿದು ಪಾಕೀಟು ಕಟ್ಟುವ ಹೆಂಗಸರಿಗೆ ಕೊಟ್ಟಳು. ಹರಿದ ಖಾಲಿ ಪಾಕೀಟನ್ನು ಒರೆಸಿ, ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಖಾಲಿ ಪಾಕೀಟ ಒಯ್ದು ಏನು ಮಾಡ್ತಿ ಅಕ್ಕಾ? ತುಂಬಿದ್ದೇ ಒಯ್ಯಿ" ಎಂದೆ.

"ಬ್ಯಾಳಿ ನಮ್ಮ ಮನ್ಯಾಗ ಭಾಳ ಅದ ತಂಗಿ" ಎಂದಳು. "ಇಷ್ಟ ವರ್ಷ ಬ್ಯಾಳಿ ಹೋಗ್ತಿತ್ತು, ಹೆಸರು ಬರ್ತಿರಲಿಲ್ಲ. ಇವತ್ತ ಹೆಸರು ಒಯ್ತೀನಿ."